ಯಾವ ಅಪ್ಪ?

ಜೂನ್ 11, 2018
ಮಿನ್ನೆಸೋಟಾ, ಜೈಲು

ಮಗಳು ತಾಷೀನಾಳಿಗೆ,

ಗೋಡೆ ಬಿಳಿ, ಗಾಳಿ ಚಳಿ, ಮೇಲಿನ ಮಂಚದವನ ಗೊರಕೆ ಹುಲಿ. ಇಷ್ಟು ಬರೆಯುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು. ನಾವು ಲಕೋಟ ಬುಡಕಟ್ಟಿನ ಜನ. ಈಗ ನಿನ್ನ ಅಪ್ಪ ಲಕೋಟೆಯೊಳಗೆ ಕೂತರೆ ಮಾತ್ರ ಊರು ಸೇರಬಲ್ಲ ಲಕೋಟ.

ನಿನಗೆ ಒಂದು ವಿಷಯ ಹೇಳಬೇಕು. ಕೋರ್ಟಿನವರು ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ನನ್ನ ತಮ್ಮ ವರ್ಡೆಲ್‌ನನ್ನು ಬೇಲಿಯ ಕಬ್ಬಿಣದ ಕಂಬದಿಂದ ಹೊಡೆದದ್ದಕ್ಕೆ ಮೂವತ್ತು ತಿಂಗಳು ಕೊಟ್ಟರು, ನಡತೆ ನೆಟ್ಟಗಿದ್ದರೆ ನಾಲ್ಕು ಬಿಡುತ್ತಾರೆ. ಅದರ ಮೇಲೆ ನನ್ನ ತಕರಾರಿಲ್ಲ. ಒಡಹುಟ್ಟಿದವನ ಒಂದು ಕಣ್ಣು ತೆಗೆದವನಿಗೆ ಅದು ಕಡಿಮೆಯೇ ಆಯಿತು. ಕಂಬ ನೆಟ್ಟು ಬದುಕಿದವನು ಕಂಬದಿಂದಲೇ ಕೆಟ್ಟ.

ಆದರೆ ಬಿಡುಗಡೆಯಾದ ಮೇಲೆ ಮೂರು ವರ್ಷ ನಿಗಾ ಇಡುತ್ತಾರೆ. ಅದಕ್ಕೆ ಹದಿನಾಲ್ಕು ಷರತ್ತು. ಕುಡಿಯಬಾರದು, ಬಂದೂಕು ಇಟ್ಟುಕೊಳ್ಳಬಾರದು, ಅಧಿಕಾರಿ ಕೇಳಿದಾಗ ಲೋಟದಲ್ಲಿ ಉಚ್ಚೆ ಹೊಯ್ದು ಕೊಡಬೇಕು. ಹದಿಮೂರಕ್ಕೂ ತಲೆಯಾಡಿಸಿದೆ. ಹದಿನಾಲ್ಕನೆಯದು ಇದು: ಮಗಳು ತಾಷೀನಾಳನ್ನು ನೋಡಬಾರದು, ಮಾತಾಡಿಸಬಾರದು, ಕಾಗದ ಬರೆಯಬಾರದು, ಬೇರೆಯವರ ಕೈಲಿ ಹೇಳಿಯೂ ಕಳಿಸಬಾರದು.

ತಮಾಷೆ ನೋಡು. ಈ ಷರತ್ತು ಶುರುವಾಗುವುದು ಬಿಡುಗಡೆಯ ದಿನದಿಂದ. ಒಳಗಿರುವಷ್ಟು ದಿನ ಬರೆಯಬಹುದು, ಹೊರಗೆ ಬಂದ ದಿನ ಬಾಯಿ ಮುಚ್ಚಬೇಕು. ಇಲ್ಲಿ ಎಲ್ಲರೂ ಗೋಡೆಯ ಮೇಲೆ ಗೀಟು ಎಳೆದು ದಿನ ಎಣಿಸುತ್ತಾರೆ. ನಾನು ಎಣಿಸುವುದನ್ನು ಬಿಟ್ಟಿದ್ದೇನೆ.

ಸರ್ಕಾರ ಕೊಟ್ಟ ಹೊಸ ಲಾಯರಮ್ಮ, ಹಾಲ್ವರ್ಸನ್ ಅಂತ, ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದಾಳೆ. ಶಿಕ್ಷೆಯ ಮೇಲಲ್ಲ, ಹದಿನಾಲ್ಕನೆಯದರ ಮೇಲೆ ಮಾತ್ರ.

“ಜಡ್ಜ್ ಇದನ್ನ ಹಾಕಿದಾಗ ನೀವ್ಯಾಕೆ ತುಟಿ ಪಿಟಕ್ ಅನ್ಲಿಲ್ಲ?” ಅಂತ ಫೋನಿನಲ್ಲಿ ಕೇಳಿದಳು.

“ನನ್ನ ಮಗಳು ಹೇಳಿದ್ದು ಸುಳ್ಳಲ್ಲ ಮೇಡಂ” ಅಂದೆ.

ಸುಳ್ಳಲ್ಲ ತಾಷೀನಾ. ನನಗೆ ಸಿಟ್ಟಿಲ್ಲ. ಇಷ್ಟನ್ನೇ ಬರೆಯಬೇಕಿತ್ತು. ಕಿವಿ ಹೇಗಿದೆ?

ನನ್ನ ಸಾಮಾನನ್ನು ಮನೆಗೆ ಕಳಿಸಿದ್ದಾರಂತೆ: ಟೋಪಿ, ಬೂಟು, ರೋಡಿಯೋದ ಗೂಳಿ ಸವಾರಿಯಲ್ಲಿ ಗೆದ್ದ ಬಕಲಿನ ಬೆಲ್ಟು. ಬೂಟಿಗೆ ಎಣ್ಣೆ ಹಚ್ಚಿಡು.

ಇನ್ನೂ ಹದಿನೆಂಟು ತಿಂಗಳ ಮಟ್ಟಿಗೆ ನಿನ್ನ ಅಪ್ಪ,
ಡೆಲ್ಮಾರ್

*

ಆಗಸ್ಟ್ 3, 2018
ಸ್ಪಾಟೆಡ್ ಕ್ರೋ ಕ್ರೀಕ್, ದಕ್ಷಿಣ ಡಕೋಟಾ

ಅಪ್ಪ,

ನಿನ್ನ ಕಾಗದವನ್ನು ಆರು ವಾರ ಒಡೆಯಲಿಲ್ಲ. ಫ್ರಿಜ್ಜಿನ ಮೇಲೆ ಬಿದ್ದಿತ್ತು. ಅಜ್ಜಿ ದಿನವೂ ಅದನ್ನು ಎತ್ತಿ, ಧೂಳು ಒರೆಸಿ, ನನಗೆ ಕಾಣುವ ಹಾಗೆ ಮತ್ತೆ ಅಲ್ಲೇ ಇಡುತ್ತಿದ್ದಳು.

ಎಡಗಿವಿ ಹೋಗಿದೆ. ಅಜ್ಜಿ ಬೈಯಲು ಶುರು ಮಾಡಿದರೆ ಅದನ್ನು ಅವಳ ಕಡೆ ತಿರುಗಿಸಿ ಕೂರುತ್ತೇನೆ. ಕೆಳಗಿನ ಎರಡು ಹಲ್ಲಿನ ಜಾಗ ಹಾಗೇ ಇದೆ. ಟ್ರಕ್ಕಿನ ಬಾಗಿಲಲ್ಲಿ ಅದರ ತಗ್ಗು ಕೂಡ ಹಾಗೇ ಇದೆ.

ವರ್ಡೆಲ್ ಅಪ್ಪ ನಲವತ್ತು ಹೆಜ್ಜೆ ದೂರದ ತನ್ನ ಟ್ರೇಲರ್ ಮನೆಯಲ್ಲೇ ಇದ್ದಾನೆ. ದವಡೆಗೆ ಹಾಕಿದ್ದ ತಂತಿ ತೆಗೆದರು. ಬಾಯಿ ಒಂದು ಕಡೆಗೆ ಸೊಟ್ಟ. ಅಗಿಯಲು ಆಗುವುದಿಲ್ಲ. ಅಜ್ಜಿ ಕರುಳಿನ ಸಾರು ಮಾಡಿ ಬಟ್ಟಲಲ್ಲಿ ಕೊಂಡುಹೋಗುತ್ತಾಳೆ. ಮೊನ್ನೆ ಅವಳ ಮಂಡಿ ನೋಯುತ್ತಿತ್ತು, ನಾನು ಹೋದೆ. ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದ.

“ನಿಮ್ಮಪ್ಪ ಎಣಿಸಿ ಎಣಿಸಿ ಹೊಡೆದ ಕಣೇ” ಅಂದ.

“ನೀನು ಎಣಿಸದೆ ಕುಡಿದಿದ್ದೆಯಲ್ಲ” ಅಂದೆ.

ಸಾರಿನ ಬಟ್ಟಲು ನನ್ನ ತಲೆಯ ಪಕ್ಕದ ಗೋಡೆಗೆ ಬಡಿದು ಎರಡಾಯಿತು. ಗುರಿ ತಪ್ಪಿದ್ದಕ್ಕೆ ನೀನು ತೆಗೆದ ಕಣ್ಣೇ ಕಾರಣ ಇರಬೇಕು.

ನಾನು ಹೇಳಿದ್ದು ಸುಳ್ಳಲ್ಲ ಅಂತ ಬರೆದಿದ್ದೀಯ. ನಾನು ಏನು ಹೇಳಿದೆ? ಯಾರಿಗೆ? ಕೋರ್ಟಿಗೆ ನನ್ನನ್ನು ಯಾರೂ ಕರೆಯಲೇ ಇಲ್ಲ. ನಿನ್ನನ್ನು ನನ್ನಿಂದ ದೂರ ಇಡಿ ಅಂತ ನಾನು ಕೇಳಿಲ್ಲ. ಹತ್ತಿರ ಬಿಡಿ ಅಂತಲೂ ಕೇಳಿಲ್ಲ.

ಪ್ರಾಸವನ್ನು ನಿನ್ನ ಹತ್ತಿರವೇ ಇಟ್ಟುಕೋ. ಬೂಟಿಗೆ ಎಣ್ಣೆ ಹಚ್ಚಿದೆ. ಬೆಲ್ಟನ್ನು ನಾನು ಮುಟ್ಟಿಲ್ಲ, ಅಜ್ಜಿ ಒಳಗಿಟ್ಟಳು. ಆ ಬೆಲ್ಟಿನ ವಿಷಯ ಇನ್ನು ನನಗೆ ಬರೆಯಬೇಡ.

ತಾಷೀನಾ

*

ಸೆಪ್ಟೆಂಬರ್ 9, 2018
ಮಿನ್ನೆಸೋಟಾ

ತಾಷೀನಾ,

ಬರೆಯುವ ಕೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಅದಕ್ಕೇ ಅಕ್ಷರಗಳು ಕುಡಿದವರ ಹಾಗೆ ನಡೆಯುತ್ತಿವೆ. ಊಟದ ಸಾಲಿನಲ್ಲಿ ಒಬ್ಬ ಹುಡುಗಾಟಿಕೆಯ ಮನುಷ್ಯ ಸಾಕ್ಸಿನೊಳಗೆ ಬೀಗ ಹಾಕಿಕೊಂಡು ಬಂದು ನನ್ನ ಮುಂದಿದ್ದ ಮುದುಕನ ತಲೆಗೆ ಬೀಸಿದ. ಮೊದಲ ಸಲ ತಗುಲಿತು. ಮುದುಕ ತಟ್ಟೆಯ ಮೇಲೆ ಮುಖ ಇಟ್ಟು ಮಲಗಿದ, ಬೀನ್ಸ್ ಕೆಂಪಾಯಿತು. ಎರಡನೆಯದಕ್ಕೆ ನಾನು ಕೈ ಅಡ್ಡ ಇಟ್ಟೆ. ಕಡಲೆಕಾಯಿ ಒಡೆದ ಸದ್ದು. ತಿರುಗಿ ಹೊಡೆಯಲಿಲ್ಲ. ಹೊಡೆದರೆ ಇಲ್ಲಿನ ದಿನ ಉದ್ದವಾಗುತ್ತದೆ. ಉದ್ದವಾದರೆ ನಿನಗೆ ಬರೆಯುವ ದಿನವೂ ಉದ್ದವಾಗುತ್ತಿತ್ತು ಅಂತ ಆಮೇಲೆ ಹೊಳೆಯಿತು. ಬುದ್ಧಿ ನನಗೆ ಯಾವಾಗಲೂ ಪಟ್ಟಿ ಕಟ್ಟಿದ ಮೇಲೆಯೇ.

ನೀನು ಏನು ಹೇಳಿದೆ ಅಂತ ಕೇಳಿದ್ದೀಯ. ಶಿಕ್ಷೆಗೆ ಮೊದಲು ಜಡ್ಜಿಗೆ ಒಂದು ವರದಿ ಹೋಗುತ್ತದೆ, ನನ್ನ ಇಡೀ ಜಾತಕ. ಅದರ ಹನ್ನೆರಡನೇ ಪುಟದಲ್ಲಿ ಒಂದು ಸಾಲು: “ಆಸ್ಪತ್ರೆಯಲ್ಲಿ ಆರೋಪಿಯ ಮಗಳ ಹೇಳಿಕೆ: ಅಪ್ಪ ನನ್ನನ್ನು ಹೊಡೆದ.” ಅಷ್ಟೇ. ಹಳೆಯ ಲಾಯರು ವಿಡಿಯೋ ಕರೆಯಲ್ಲಿ ಹದಿನೈದು ನಿಮಿಷಕ್ಕೆ ಇಡೀ ವರದಿ ಓದಿ ಮುಗಿಸಿದ. ಆ ಸಾಲು ಬಂದಾಗ ಮಾತ್ರ ಕನ್ನಡಕ ತೆಗೆದ.

“ಡೆಲ್ಮಾರ್, ಮಗಳಿಗೆ ಹೊಡೆದದ್ದು ಹೌದೇನಯ್ಯ?”

“ಹೌದು.”

“ಹಾಗಾದ್ರೆ ಅದನ್ನ ಕೆದಕೋದು ಬೇಡ. ಮುಂದಕ್ಕೆ ಹೋಗೋಣ.”

ಮುಂದಕ್ಕೆ ಹೋದೆವು. ವರ್ಡೆಲ್ ನಿನಗೆ ಏನು ಮಾಡಿದ ಅಂತ ನಾನೂ ಬಾಯಿ ಬಿಡಲಿಲ್ಲ. ಅವನ ಶಿಕ್ಷೆಯನ್ನು ನಾನೇ ಅಂಗಳದಲ್ಲಿ ಕೊಟ್ಟು ಮುಗಿಸಿದ್ದೆ. ನಿನ್ನನ್ನು ಕೋರ್ಟಿನಲ್ಲಿ ನಿಲ್ಲಿಸಿ ಮತ್ತೊಂದು ಸಲ ಹೊಡೆಸುವುದು ಬೇಡ ಅನ್ನಿಸಿತು.

ನಾನು ಯಾವುದಕ್ಕೆ ಹೌದು ಅಂದೆ ಅಂತ ನಿನಗೂ ಗೊತ್ತು. ನೀನು ಬರೆಯಬೇಡ ಅಂದದ್ದನ್ನು ಬರೆಯುವುದಿಲ್ಲ.

ಎಡಗೈ ಬರಹದಲ್ಲಿ,
ಅಪ್ಪ

*

ಸೆಪ್ಟೆಂಬರ್ 27, 2018
ಸ್ಪಾಟೆಡ್ ಕ್ರೋ ಕ್ರೀಕ್

ಅಪ್ಪ,

ನಿನ್ನ ಕಾಗದ ಓದಿ ಅಂಗಳದಲ್ಲಿ ನಿಂತು ಕಿರುಚಿದೆ. ಕುದುರೆ ಹೆದರಿ ಓಡಿತು. ಈಗ ನಾನು ಬರೆಯುವುದನ್ನು ಎರಡು ಸಲ ಓದು.

ಆಸ್ಪತ್ರೆ. ಬಾಯಿ ತುಂಬ ಹತ್ತಿ. ಕಿವಿಯ ರಕ್ತ ದಿಂಬಿಗೆ ಇಳಿಯುತ್ತಿತ್ತು. ಟೈ ಕಟ್ಟಿದ ಸರ್ಕಾರಿ ತನಿಖೆಯ ಏಜೆಂಟ್ ಒಬ್ಬ ಪುಟ್ಟ ಪುಸ್ತಕ ಹಿಡಿದು ಬಂದ.

“ಯಾರಮ್ಮ ಹೊಡೆದದ್ದು?”

“ಅಪ್ಪ.”

“ಅಪ್ಪ ಹೊಡೆದನಾ?”

“ಹ್ಞೂಂ. ಟ್ರಕ್ಕಿನ ಕೀ ಕೊಡು ಅಂತ. ಬಾಗಿಲಿಗೆ ಮುಖ ಜಜ್ಜಿದ. ಆಮೇಲೆ ಅಪ್ಪ ಬಂದ.”

“ಯಾರು ಬಂದ್ರು?”

“ಅಪ್ಪ.”

ಅವನು ನರ್ಸಮ್ಮನ ಮುಖ ನೋಡಿದ. “ತಲೆಗೆ ಜೋರಾಗೇ ಬಿದ್ದಿದೆ, ಪಾಪ” ಅಂದು ಪುಸ್ತಕ ಮುಚ್ಚಿದ.

ಅರ್ಥವಾಯಿತೇ? ಹುಟ್ಟಿದಾಗಿನಿಂದ ನಾನು ವರ್ಡೆಲ್‌ನನ್ನು ಬೇರೆ ಏನಂತ ಕರೆದಿದ್ದೇನೆ? ನಮ್ಮಲ್ಲಿ ಅಪ್ಪನ ತಮ್ಮನೂ ಅಪ್ಪನೇ. “ಅಪ್ಪಾ” ಅಂತ ಕೂಗಿದರೆ ನೀವಿಬ್ಬರೂ ತಿರುಗುತ್ತಿದ್ದಿರಿ. ಯಾರ ಕೈಯಲ್ಲಿ ಕುದುರೆಯ ಹಗ್ಗ ಇದೆಯೋ ಅವರ ಹತ್ತಿರ ಓಡುತ್ತಿದ್ದೆ. ಅಂಕಲ್ ಅಂತ ನಾವು ಅನ್ನುವುದು ಅಮ್ಮನ ಅಣ್ಣತಮ್ಮಂದಿರನ್ನು. ಅಮ್ಮ ಸತ್ತ ಮೇಲೆ ಅವರು ಯಾರೂ ಬಂದಿಲ್ಲ, ಆ ಪದವೇ ನನ್ನ ಬಾಯಿಗೆ ಬರುವುದಿಲ್ಲ. ಟೈ ಕಟ್ಟಿದವನ ಊರಲ್ಲಿ ಒಬ್ಬರಿಗೆ ಒಬ್ಬನೇ ಅಪ್ಪ. ಅವನು ಒಬ್ಬನನ್ನೇ ಬರೆದುಕೊಂಡ.

ವರ್ಡೆಲ್ ಅಪ್ಪ ಹೊಡೆದ. ನೀನು ಬಂದೆ. ನಾನು ಹೇಳಿದ್ದು ಅಷ್ಟು.

ನೀನು ಹೌದು ಅಂದದ್ದು ಬೇರೆಯದಕ್ಕೆ. ಅದನ್ನು ನಾನು ಏಜೆಂಟನಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಈ ಕಾಗದದ ನಕಲನ್ನು ನಿನ್ನ ಲಾಯರಮ್ಮನಿಗೂ ಕಳಿಸಿದ್ದೇನೆ. ನೀನು ಹೌದು ಅಂದದ್ದರ ಸಾಲುಗಳನ್ನು ಬಿಟ್ಟು.

ತಾಷೀನಾ

*

ನವೆಂಬರ್ 4, 2018
ಮಿನ್ನೆಸೋಟಾ

ಮಗಳೇ,

ಓದಿ ನಕ್ಕೆ. ಎಷ್ಟು ನಕ್ಕೆ ಅಂದರೆ ಮೇಲಿನ ಮಂಚದವನು ತಲೆ ಕೆಳಗೆ ಹಾಕಿ “ಯಾರಾದ್ರೂ ಸತ್ರೇನೋ?” ಅಂತ ಕೇಳಿದ.

ಲಾಯರಮ್ಮ ನಿನ್ನ ಕಾಗದ ಓದಿದ್ದಾಳೆ. “ಆದ್ರೆ ಮೇಲಿನ ಕೋರ್ಟು ಹೊಸದೇನೂ ಕೇಳಿಸ್ಕೊಳಲ್ಲ ಡೆಲ್ಮಾರ್. ಕೆಳಗಡೆ ಕಾಗದದಲ್ಲಿ ಏನಿತ್ತೋ ಅಷ್ಟೇ ಓದ್ತಾರೆ.”

“ಕಾಗದವೇ ತಪ್ಪಾಗಿದ್ರೆ?”

“ತಪ್ಪಾಗಿರೋದನ್ನೇ ಸರಿಯಾಗಿ ಓದ್ತಾರೆ.”

ಅವಳ ವಾದ ಬೇರೆ. ಅಪ್ಪ ಮಗಳನ್ನು ಬೇರ್ಪಡಿಸುವ ಷರತ್ತು ಹಾಕುವಾಗ ಜಡ್ಜ್ ಕಾರಣ ಹೇಳಬೇಕಂತೆ. ಇವರು ಹೇಳಿಲ್ಲ. ಗೆದ್ದರೆ ಕೇಸು ಇದೇ ಜಡ್ಜ್ ಹತ್ತಿರ ವಾಪಸ್ ಬರುತ್ತದೆ, ಆಗ ನಿನ್ನನ್ನು ಕರೆದು ಕೇಳಬಹುದು.

ನೀನು ಬರಬೇಡ. ವರ್ಡೆಲ್ ನಿನಗೆ ನಲವತ್ತು ಹೆಜ್ಜೆ ದೂರ, ನಾನು ಆರುನೂರು ಮೈಲಿ. ಲಾಯರಮ್ಮ ತನ್ನ ವಾದದಲ್ಲೇ ಗೆಲ್ಲಲಿ.

ಆ ದಿನದ ಬಗ್ಗೆ ನಿನಗೆ ಗೊತ್ತಿಲ್ಲದ್ದು ಇಷ್ಟಿದೆ. ನಾನು ಬಡಗಣ ಬೇಲಿಯಲ್ಲಿದ್ದೆ. ನಿನ್ನ ಕೂಗು ಕೇಳಿಸಲಿಲ್ಲ, ಟ್ರಕ್ಕಿನ ಬಾಗಿಲು ಕೇಳಿಸಿತು. ಒಂದು, ಎರಡು, ಮೂರು ಸಲ. ಬಾಗಿಲನ್ನು ಯಾರೂ ಮೂರು ಸಲ ಮುಚ್ಚುವುದಿಲ್ಲ. ಓಡಿ ಬಂದಾಗ ನೀನು ನೆಲದಲ್ಲಿ ಹಲ್ಲು ಹುಡುಕುತ್ತಿದ್ದೆ. ಅವನು ನಿನ್ನ ಕೂದಲು ಹಿಡಿದು “ಕೀ ಎಲ್ಲೇ?” ಅನ್ನುತ್ತಿದ್ದ. ಕಂಬ ನನ್ನ ಕೈಯಲ್ಲೇ ಇತ್ತು.

ಮೊದಲ ಏಟು ಅವನ ತೋಳಿಗೆ, ಕೂದಲು ಬಿಡಲಿ ಅಂತ. ಮೂಳೆ ಮುರಿಯಿತು, ಬಿಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎರಡನೆಯದು ದವಡೆಗೆ. ಬಿದ್ದ. ಮೂರನೆಯದು ಬಿದ್ದವನಿಗೆ. “ಅಣ್ಣಾ” ಅಂದ. ನನ್ನ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಕೋರ್ಟಿನ ಲೆಕ್ಕದಲ್ಲಿ ಏಳು. ಉಳಿದ ನಾಲ್ಕು ಯಾರು ಹೊಡೆದರು ಅಂತ ಇಲ್ಲಿ ಕೂತು ಹುಡುಕುತ್ತಿದ್ದೇನೆ. ಪ್ರತಿ ಸಲವೂ ಕಂಬ ನನ್ನ ಕೈಯಲ್ಲೇ ಸಿಗುತ್ತದೆ.

ಅಪ್ಪ (ಬಡಗಣ ಬೇಲಿಯವನು. ಇನ್ನು ಮುಂದೆ ಹೀಗೆ ಗುರುತು ಹಾಕುತ್ತೇನೆ.)

*

ಮಾರ್ಚ್ 5, 2019
ಸ್ಪಾಟೆಡ್ ಕ್ರೋ ಕ್ರೀಕ್

ಬಡಗಣ ಬೇಲಿಯ ಅಪ್ಪನಿಗೆ,

ನಿನಗೂ ಸುದ್ದಿ ತಲುಪಿರಬೇಕು. ಮೇಲಿನ ಕೋರ್ಟು ಹದಿನಾಲ್ಕನೆಯದನ್ನು ಹೊಡೆದು ಹಾಕಿದೆ. ಆದರೆ ಜಡ್ಜ್ ಕಾರಣ ಕೊಟ್ಟು ಮತ್ತೆ ಹಾಕಬಹುದು. ಮೇ ತಿಂಗಳಲ್ಲಿ ವಿಚಾರಣೆ. ಲಾಯರಮ್ಮ ಕೇಳಿದಳು, ಬಂದು ಹೇಳುತ್ತೇನೆ ಅಂದೆ. ನೀನು ಬೇಡ ಅಂದದ್ದು ನನಗೆ ನೆನಪಿದೆ. ಎಡಗಿವಿಯಲ್ಲಿ ಕೇಳಿಸಿಕೊಂಡಿದ್ದೆ.

ಊರಿನಲ್ಲಿ ಒಬ್ಬರ ಫೋನು ಎಲ್ಲರ ಫೋನು. ಶನಿವಾರ ಮಧ್ಯಾಹ್ನ ಅಜ್ಜಿ ಬಾಣಲೆ ತುಂಬ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು, ನಾನು ಹಿಟ್ಟು ತಟ್ಟುತ್ತಿದ್ದೆ. ಪೇಟೆ ಕಡೆಯಿಂದ ವರ್ಡೆಲ್ ಅಪ್ಪನ ಟ್ರಕ್ಕು ಬಂತು. ಗೇಟಿನ ಚಿಲಕ ತೆಗೆಯಲಿಲ್ಲ, ಗೇಟನ್ನೇ ತೆಗೆದ. ಹನ್ನೊಂದು ಕಂಬ ಹೋಯಿತು, ತಂತಿ ಟ್ರಕ್ಕಿನ ಹಿಂದೆ ಬಾಲದ ಹಾಗೆ ಬಂತು. ಜ್ಯಾಕಿನ ಸಲಾಕೆಯಿಂದ ಬಾಗಿಲ ಮೇಲಿನ ಗಾಜು ಒಡೆದು, ಕೈ ಒಳಗೆ ಹಾಕಿ ಅಗುಳಿ ತೆಗೆದ. ಕೈ ಕೊಯ್ದು ರಕ್ತ ಸುರಿಯುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಅವನ ರಕ್ತ ನನ್ನ ಅಂಗಿಯೊಳಗೆ ಬಿಸಿಯಾಗಿ ಇಳಿಯಿತು.

“ಕೋರ್ಟಲ್ಲಿ ನನ್ನ ಹೆಸರು ಹೇಳ್ತೀಯೇನೇ? ಒಂದು ಕಣ್ಣು ಕೊಟ್ಟಿದೀನಿ ನಿಮಗೆ. ದವಡೆ ಕೊಟ್ಟಿದೀನಿ. ಇನ್ನೂ ಏನೇ ಬೇಕು?”

ನನಗೆ ಉಸಿರಿರಲಿಲ್ಲ. ಅವನು ಕೇಳಿದ್ದು ಪೂರ್ತಿ ತಪ್ಪಲ್ಲ ಅಂತ ಆಗಲೂ ಅನ್ನಿಸಿತು. ಕಣ್ಣ ಮುಂದೆ ಕಪ್ಪಾಗುತ್ತಾ ಬಂತು.

“ವರ್ಡೆಲ್, ಕೈ ತೆಗಿ” ಅಂದಳು ಅಜ್ಜಿ.

“ನೀನು ಸುಮ್ನಿರಮ್ಮ.”

“ಎರಡು ಸಲ ಹೇಳಲ್ಲ.”

ಹೇಳಲಿಲ್ಲ. ಬಾಣಲೆ ಎತ್ತಿ ಅವನ ಸೊಂಟದ ಕೆಳಗೆ ಸುರಿದಳು. ಎಣ್ಣೆಯ ಜೊತೆ ಎರಡು ರೊಟ್ಟಿಯೂ ಬಿದ್ದವು. ಪ್ಯಾಂಟು ಚರ್ಮಕ್ಕೆ ಅಂಟಿತು. ಆ ಕೂಗು ನನ್ನ ಹೋದ ಕಿವಿಗೂ ಕೇಳಿಸಿತು. ಆಮೇಲೆ ಅಜ್ಜಿ ನೆಲದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಕೆಟ್ಟಿನಿಂದ ತಣ್ಣೀರು ಹಾಕುತ್ತಲೇ ಇದ್ದಳು, ಪೊಲೀಸರು ಬರುವವರೆಗೆ. “ಅಮ್ಮಾ, ಉರಿ” ಅಂದ. “ಗೊತ್ತು ಮಗ, ಗೊತ್ತು” ಅಂದಳು. ಆ ವಾಸನೆ ಇನ್ನೂ ಅಡಿಗೆಮನೆಯಲ್ಲಿದೆ. ರೊಟ್ಟಿ ತಿನ್ನುವುದನ್ನು ಬಿಟ್ಟಿದ್ದೇನೆ.

ತಾಷೀನಾ

*

ಮಾರ್ಚ್ 24, 2019

ಡೆಲ್ಮಾರ್,

ನಾನು ಹೇಳುತ್ತಿದ್ದೇನೆ, ಇವಳು ಬರೆಯುತ್ತಿದ್ದಾಳೆ. ಸ್ವಂತದ್ದು ಸೇರಿಸಬೇಡ ಅಂದಿದ್ದೇನೆ.

ಆ ಏಜೆಂಟ್ ಅವತ್ತು ನನ್ನ ಹತ್ತಿರವೂ ಬಂದಿದ್ದ. ನೀನು ನೋಡಿದ್ದು ಏನಮ್ಮ ಅಂತ ಕೇಳಿದ. ನನಗೆ ಇಂಗ್ಲಿಷ್ ಬರುವುದಿಲ್ಲ ಅಂದೆ. ಇಪ್ಪತ್ತೆಂಟು ವರ್ಷ ಶಾಲೆಯ ಅಡಿಗೆಮನೆಯಲ್ಲಿ ಇಂಗ್ಲಿಷಿನಲ್ಲೇ ಬೈದವಳು ನಾನು. ಒಬ್ಬನನ್ನು ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋಗಿದ್ದರು, ಇನ್ನೊಬ್ಬನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋಗಿದ್ದರು. ಇಬ್ಬರನ್ನೂ ಕೊಡಲು ನನಗೆ ಆಗಲಿಲ್ಲ. ಯಾವ ಅಪ್ಪ ಅಂತ ನಾನು ಒಂದು ಮಾತು ಹೇಳಿದ್ದರೆ ಆ ಸಾಲು ಬರುತ್ತಿರಲಿಲ್ಲ.

ವರ್ಡೆಲ್‌ಗೆ ನಮ್ಮ ಬುಡಕಟ್ಟಿನ ಕೋರ್ಟು ಆರು ತಿಂಗಳು ಹಾಕಿದೆ. ಕಾಲಿಗೆ ಚರ್ಮ ಕಸಿ ಮಾಡಿದ್ದಾರೆ. ಆಮೇಲೆ ರ‍್ಯಾಪಿಡ್ ಸಿಟಿಗೆ ಹೋಗುತ್ತಾನಂತೆ. ಹೋಗಲಿ. ಸಾರು ಯಾರು ಕೊಡುತ್ತಾರೋ.

ಇವಳು ಕೋರ್ಟಿಗೆ ಹೋಗುತ್ತಾಳೆ. ಜೊತೆಗೆ ನಾನೂ ಹೋಗುತ್ತೇನೆ. ನೀನು ಬೇಡ ಅನ್ನಬೇಡ, ನನ್ನ ಹತ್ತಿರ ಇನ್ನೊಂದು ಬಾಣಲೆ ಇದೆ.

ನಿಮ್ಮಿಬ್ಬರನ್ನೂ ಹೆತ್ತವಳು

(ಅವಳು ಹೇಳುವಾಗ ಅಳುತ್ತಿರಲಿಲ್ಲ. ಇದು ನನ್ನ ಸ್ವಂತದ್ದು. ತಾ.)

*

ಏಪ್ರಿಲ್ 28, 2019
ಮಿನ್ನೆಸೋಟಾ

ತಾಷೀನಾ,

ಮುಂದಿನ ವಾರ ನನ್ನನ್ನು ಬಸ್ಸಿನಲ್ಲಿ ಕರೆತರುತ್ತಾರೆ, ಕೈಗೆ ಬೇಡಿ, ಕಾಲಿಗೆ ಕೋಳ, ಕಿಟಕಿಗೆ ಜಾಲಿ. ಹತ್ತೊಂಬತ್ತು ತಿಂಗಳ ನಂತರ ನಿನ್ನನ್ನು ನೋಡುತ್ತೇನೆ. ನೋಡಬಹುದು, ಮಾತಾಡುವ ಹಾಗಿಲ್ಲ. ಹೆದರಬೇಡ.

ಲಾಯರಮ್ಮ ಒಂದು ಮಾತು ಹೇಳಿದಳು. ನಿನ್ನನ್ನು ಸರ್ಕಾರದ ವಕೀಲನೂ ಪ್ರಶ್ನೆ ಕೇಳುತ್ತಾನೆ. ಯಾವ ಅಪ್ಪ ಹೊಡೆದ ಅಂತ ನೀನು ಹೇಳಿದರೆ ನಮ್ಮ ಕೆಲಸ ಮುಗಿಯಿತು. ಅದೊಂದೇ ಹೇಳಬೇಕಾದ್ದು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಹಳೆಯದು ಹಳೆಯದೇ. ಎಂಟು ವರ್ಷವಾಯಿತು. ಅದಕ್ಕೂ ಈ ಕೇಸಿಗೂ ಸಂಬಂಧ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಈ ಕಾಗದಗಳನ್ನು ಇಲ್ಲಿನವರು ಓದಿಯೇ ಕಳಿಸುತ್ತಾರೆ. ಅದಕ್ಕೇ ಹೆಚ್ಚು ಬರೆಯುವುದಿಲ್ಲ.

ಅಪ್ಪ

*

ಮೇ 19, 2019
ಸ್ಪಾಟೆಡ್ ಕ್ರೋ ಕ್ರೀಕ್

ಅಪ್ಪ,

ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ. ಅಜ್ಜಿ ನಿನ್ನನ್ನು ನೋಡಿದ ಕೂಡಲೇ “ಊಟ ಹಾಕ್ತಾರಾ?” ಅಂತ ಜೋರಾಗಿ ಕೇಳಿದಳು, ಪೊಲೀಸಿನವನು ಗದರಿಸಿದ. “ನಿನ್ನ ಕೇಳ್ಲಿಲ್ಲ” ಅಂದಳು, ಇಂಗ್ಲಿಷಿನಲ್ಲಿ.

ನೀನು ಅಲ್ಲಿದ್ದೆ, ಎಲ್ಲ ಕೇಳಿಸಿಕೊಂಡೆ. ಆದರೂ ಬರೆಯುತ್ತೇನೆ. ನೀನು ಮೇಜನ್ನೇ ನೋಡುತ್ತಿದ್ದೆ.

ಲಾಯರಮ್ಮನ ಪಾಳಿ ಸುಲಭವಾಗಿ ಮುಗಿಯಿತು. ಬರೆದುಕೊಳ್ಳುವವಳು ಮಾತ್ರ ಎರಡು ಸಲ ಕೈ ಎತ್ತಿ “ಯಾವ ಅಪ್ಪ?” ಅಂತ ಕೇಳಿದಳು. ಜಡ್ಜ್ ಕೂಡ ನಕ್ಕರು. ಆಮೇಲೆ ಸರ್ಕಾರದ ವಕೀಲ ಎದ್ದ.

“ಹಾಗಾದ್ರೆ, ಇಲ್ಲಿ ಕೂತಿರೋ ನಿಮ್ಮ ತಂದೆ ಡೆಲ್ಮಾರ್ ಗ್ರೇ ಕ್ರೇನ್ ನಿಮ್ಮ ಮೇಲೆ ಯಾವತ್ತೂ ಕೈ ಮಾಡಿಲ್ಲ. ಸರೀನಾ?”

ಸುಳ್ಳು ಹೇಳುವುದಿಲ್ಲ ಅಂತ ಪ್ರಮಾಣ ಮಾಡಿದ್ದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು ಅಂದಿದ್ದೆಯಲ್ಲ. ಅವನು ಕೇಳಿದ.

“ಮಾಡಿದಾನೆ” ಅಂದೆ.

ಲಾಯರಮ್ಮನ ಪೆನ್ನು ನಿಂತಿತು.

“ನನಗೆ ಹನ್ನೊಂದು ವರ್ಷ. ಕುಡಿದಿದ್ದ. ಕುದುರೆಗೆ ನೀರಿಡೋದು ಮರ್ತಿದ್ದೆ. ಬೆಲ್ಟಲ್ಲಿ ಹೊಡೆದ, ಬಕಲ್ ಇರೋ ಕಡೆಯಿಂದ. ಬಕಲ್ ಮೇಲೆ ಗೂಳಿ ಚಿತ್ರ ಇದೆ. ಎರಡು ವಾರ ನನ್ನ ತೊಡೆ ಮೇಲೆ ಗೂಳಿ ಇತ್ತು, ಕೊಂಬು ಸಮೇತ. ಶಾಲೇಲಿ ಬಟ್ಟೆ ಬದಲಿಸುವಾಗ ಗೋಡೆ ಕಡೆ ತಿರುಗ್ತಿದ್ದೆ.”

“ಅದಾದ ಮೇಲೆ?”

“ಅದಾದ ಮೇಲೆ ಇಲ್ಲ. ಒಂದೇ ಸಲ. ಆದ್ರೆ ಬೆಲ್ಟ್ ದಿನಾ ಹಾಕ್ಕೊಳ್ತಿದ್ದ.”

ಜಡ್ಜ್ ಕನ್ನಡಕ ತೆಗೆದರು. ಇವರೆಲ್ಲ ಕನ್ನಡಕ ತೆಗೆದೇ ಕೇಳುತ್ತಾರೆ.

“ನಿಮಗೆ ಏನು ಬೇಕಮ್ಮ ಈಗ?”

ನನ್ನನ್ನು ಈವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಏಜೆಂಟ್ ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ.

“ಬೇಲಿ ಇರ್ಲಿ” ಅಂದೆ. “ಗೇಟು ನನ್ನ ಕೈಯಲ್ಲಿರ್ಲಿ.”

ಅವರು ಬರೆಸಿದ್ದು ಹೀಗೆ, ಲಾಯರಮ್ಮ ನಕಲು ಕಳಿಸಿದ್ದಾಳೆ: ಮಗಳು ನಿಗಾ ಅಧಿಕಾರಿಗೆ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ಸಂಪರ್ಕ, ಒಪ್ಪಿಗೆಯನ್ನು ಅವಳು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಕಾರಣ ಕೊಟ್ಟಿದ್ದಾರೆ. ಒಂದೂವರೆ ಪುಟ.

ನಿನ್ನ ಅಪೀಲು ಗೆದ್ದಿತೋ ಸೋತಿತೋ ಅಂತ ಅಜ್ಜಿ ದಾರಿಯುದ್ದ ಕೇಳಿದಳು. ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ ಕಾಗದವನ್ನು ಒಲೆಗೆ ಹಾಕಿದೆ.

ತಾಷೀನಾ

*

ಅಕ್ಟೋಬರ್ 20, 2019
ಮಿನ್ನೆಸೋಟಾ

ತಾಷೀನಾ,

ಐದು ತಿಂಗಳಲ್ಲಿ ಹನ್ನೆರಡು ಕಾಗದ ಬರೆದು ಹರಿದೆ. ಎಲ್ಲದರಲ್ಲೂ “ಆದರೆ” ಅನ್ನುವ ಪದ ಇತ್ತು. ಇದರಲ್ಲಿ ಇಲ್ಲ.

2011ರ ಜುಲೈ. ನಾನು ನಿನ್ನನ್ನು ಬೆಲ್ಟಿನಿಂದ ಹೊಡೆದೆ. ಬಕಲ್ ಇರುವ ತುದಿಯಿಂದ. ಗೊತ್ತಿದ್ದೇ ಆ ತುದಿ ಬಳಸಿದೆ. ಕುದುರೆಗೆ ನೀರಿಡಬೇಕಾದವನು ನಾನು, ಕುಡಿದು ಮಲಗಿದ್ದೆ. ನೀನು ಅಳಲಿಲ್ಲ, ಅದಕ್ಕೆ ಇನ್ನೊಂದು ಹೊಡೆದೆ. ಮಾರನೆಯ ದಿನ ನೀನು ಕುಂಟುವುದನ್ನು ನೋಡಿ ಯಾಕೆ ಅಂತ ಕೇಳಿದೆ, ಎಲ್ಲರ ಮುಂದೆ, ಗೊತ್ತಿಲ್ಲದವನ ಹಾಗೆ. ನೀನು “ಬಿದ್ದೆ” ಅಂದೆ.

ಏಪ್ರಿಲ್‌ನಲ್ಲಿ ನಿನ್ನ ಬಾಯಿ ಮುಚ್ಚಿಸಲು ನೋಡಿದೆ. ಅದು ಮೂರನೇ ಏಟು.

ಕಂಬ ಹಿಡಿದು ನಿನ್ನನ್ನು ಕಾಪಾಡಿದೆ ಅಂತ ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆ ಉಳಿದ ನಾಲ್ಕು ಏಟು ಯಾರಿಗೆ ಅಂತ ಈಗ ಗೊತ್ತಾಗಿದೆ. ವರ್ಡೆಲ್‌ನ ಮುಖದಲ್ಲಿ ನನ್ನದನ್ನೇ ಕಂಡು ಹೊಡೆದದ್ದು ಅವು.

ಡಿಸೆಂಬರ್ ಆರಕ್ಕೆ ಬಿಡುತ್ತಾರೆ. ಅಂದಿನಿಂದ ನಾನು ಬರೆಯುವ ಹಾಗಿಲ್ಲ. ಹೈವೇಯ ಪಕ್ಕದ ಮೋಟೆಲಿನಲ್ಲಿ ಕೋಣೆ, ಒಬ್ಬ ರೈತನ ಬೇಲಿ ಕೆಲಸ ಸಿಕ್ಕಿದೆ. ನಿನ್ನ ಒಪ್ಪಿಗೆ ಬಂದರೆ ಬರುತ್ತೇನೆ. ಬರದಿದ್ದರೆ ಅದಕ್ಕೂ ನಾನು ಅಪೀಲು ಹಾಕುವುದಿಲ್ಲ.

ಪ್ರಾಸ ಸಿಗಲಿಲ್ಲ. ಹುಡುಕಲೂ ಇಲ್ಲ.

ಡೆಲ್ಮಾರ್

*

ನವೆಂಬರ್ 30, 2019
ಸ್ಪಾಟೆಡ್ ಕ್ರೋ ಕ್ರೀಕ್

ಅಪ್ಪ,

ನೀನು ಬರೀ ಹೆಸರು ಹಾಕಿದ್ದೆ. ನಾನು ಅಪ್ಪ ಅಂತಲೇ ಬರೆದಿದ್ದೇನೆ. ಬಡಗಣ ಬೇಲಿಯವನಿಗೆ ಅಂತ ಸೇರಿಸಬೇಕಾಗಿಲ್ಲ, ಇನ್ನೊಬ್ಬನಿಗೆ ನಾನು ಬರೆಯುವುದಿಲ್ಲ.

ನಿನ್ನೆ ನಿಗಾ ಅಧಿಕಾರಿಯ ಕಚೇರಿಗೆ ಹೋಗಿದ್ದೆ. “ನನ್ನ ಅಪ್ಪನ ಜೊತೆ ಸಂಪರ್ಕಕ್ಕೆ ಒಪ್ಪಿಗೆ” ಅಂತ ಬರೆದು ಕೊಟ್ಟೆ. ಆಕೆ ಫೈಲು ತೆಗೆದು, ಮೂರು ಪುಟ ತಿರುವಿ, ಬಹಳ ಗಂಭೀರವಾಗಿ “ಯಾವ ಅಪ್ಪ?” ಅಂತ ಕೇಳಿದಳು. ಪರವಾಗಿಲ್ಲ, ಕಲಿತಿದ್ದಾರೆ.

ಒಪ್ಪಿಗೆ ಸದ್ಯಕ್ಕೆ ಭಾನುವಾರ ಮಧ್ಯಾಹ್ನಗಳಿಗೆ ಮಾತ್ರ. ಅಜ್ಜಿ ಇರುತ್ತಾಳೆ. ಅವಳು ಮತ್ತೆ ರೊಟ್ಟಿ ಕರಿಯಲು ಶುರು ಮಾಡಿದ್ದಾಳೆ. ನಾನು ಇನ್ನೂ ತಿನ್ನುವುದಿಲ್ಲ. ನಿನಗೆ ಕಾಡು ಚೆರ್ರಿ ಗೊಜ್ಜಿನ ಜೊತೆ ಎತ್ತಿಡುತ್ತಾಳಂತೆ.

ವರ್ಡೆಲ್ ಅಪ್ಪ ಕೆಡವಿದ ಬೇಲಿಯನ್ನು ನಾನೇ ಎತ್ತಿದೆ. ಹನ್ನೊಂದು ಕಂಬ. ತಂತಿ ನಿನ್ನಷ್ಟು ಬಿಗಿಯಾಗಿಲ್ಲ, ನೋಡಿ ನಗಬೇಡ. ಗೇಟು ನೆಟ್ಟಗಾಯಿತು, ಚಿಲಕ ಮಾತ್ರ ಸೊಟ್ಟಗಾಗಿ ಕೂರುತ್ತಲೇ ಇರಲಿಲ್ಲ. ಒಳಗೆ ಹೋಗಿ ಅಜ್ಜಿಯ ಪೆಟ್ಟಿಗೆಯಿಂದ ನಿನ್ನ ಬೆಲ್ಟು ತಂದೆ. ಎಂಟು ವರ್ಷದಲ್ಲಿ ಅದನ್ನು ಮುಟ್ಟಿದ್ದು ಮೊದಲ ಸಲ. ಅಂದುಕೊಂಡಷ್ಟು ಭಾರ ಇಲ್ಲ. ಗೇಟನ್ನೂ ಕಂಬವನ್ನೂ ಸೇರಿಸಿ ಸುತ್ತಿ ಬಕಲು ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಹಿಡಿಯುತ್ತದೆ. ಗೂಳಿ ಹೊರಗಡೆಗೆ ನೋಡುತ್ತಿದೆ.

ಭಾನುವಾರ ಬಂದಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಅಂಗಳಕ್ಕೆ ಬರುವುದಿಲ್ಲ. ಬೆಲ್ಟನ್ನು ನೀನೇ ಬಿಚ್ಚಿ ಒಳಗೆ ಬಾ. ಬಂದ ಮೇಲೆ ಮತ್ತೆ ಅಲ್ಲೇ ಬಿಗಿ. ಕೈಯಲ್ಲಿ ಹಿಡಿದುಕೊಂಡು ಬರಬೇಡ.

ಪ್ಯಾಂಟು ಜಾರಿದರೆ ದಾರ ಕಟ್ಟಿಕೋ.

ತಾಷೀನಾ